ಪದಚರ್ಚೆ: ಜಪಾನಿಯ 'ಉಕೆಮಿ'ಗೆ ಏನನ್ನೋಣ? 'ಕರ್ಮಣಿ' ಸಾಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಬೆಂಗಳೂರಲ್ಲಿ ಭಾನುವಾರದ ಬ್ಯಾಚಿಗೆ ಜಪಾನಿ ಹೇಳಿಕೊಡುತ್ತೇನೆ, ಜಪಾನಿ ಭಾಷಾ ಪರೀಕ್ಷೆಯ ಮಟ್ಟಗಳಲ್ಲಿ ಎನ್‌3 ಮುಗಿಸಿ ಎನ್‌2ಕ್ಕೆ ಓದುತ್ತಿರುವವರಿಗೆ. ಹೆಚ್ಚಿನವರು ಕನ್ನಡದವರೇ ಆದ್ದರಿಂದ ವ್ಯಾಕರಣವನ್ನು ಕನ್ನಡದಲ್ಲೇ ವಿವರಿಸುತ್ತೇನೆ. ಇಷ್ಟು ದಿನ ಎಲ್ಲಾ ಸಲೀಸಾಗಿ ಸಾಗಿತ್ತು. ಕ್ರಿಯಾಪದ ಕೊನೆಗೆ ಬರುತ್ತೆ, 'ತೆ ಮಿರು' ಅಂದರೆ ನಮ್ಮ 'ಮಾಡಿ ನೋಡು', 'ತೆ ಶಿಮಾವು' ಅಂದರೆ ಹೆಚ್ಚುಕಮ್ಮಿ 'ಮಾಡಿಬಿಡು'. ಇಂಗ್ಲಿಷಿನ ಮೂಲಕ ಕಲಿಯೋರು ಒಂದು ವಾರ ತಿಣುಕುವುದನ್ನು ನಮ್ಮವರು ಹತ್ತು ನಿಮಿಷಕ್ಕೆ ಹಿಡಿಯುತ್ತಾರೆ. 'ಉಕೆಮಿ' ಬಂದಾಗ ಮಾತ್ರ ಗಾಡಿ ನಿಂತುಬಿಟ್ಟಿದೆ.

ಉಕೆಮಿಗೆ ಇಂಗ್ಲಿಷಲ್ಲಿ ಪ್ಯಾಸಿವ್ ಅಂತಾರೆ. ಹಾಗಾಗಿ ನಾನೂ ಶಾಲೆಯಲ್ಲಿ ಕಲಿತ 'ಕರ್ಮಣಿ ಪ್ರಯೋಗ' ಅಂತ ಬೋರ್ಡಿನ ಮೇಲೆ ಬರೆದೆ. ಐದು ನಿಮಿಷಕ್ಕೇ ಪ್ರಶ್ನೆ ಬಂತು. 'ಅಮೆ ನಿ ಫುರರೆತ' ಅನ್ನೋ ವಾಕ್ಯ ನೋಡಿ. ಅಮೆ ಅಂದರೆ ಮಳೆ, ಫುರು ಅಂದರೆ (ಮಳೆ, ಹಿಮ) ಬೀಳು. ಫುರರೆತ ಅದರ ಉಕೆಮಿ ರೂಪ. ಅಕ್ಷರಕ್ಕೆ ಅಕ್ಷರ ಇಟ್ಟರೆ 'ಮಳೆಯಿಂದ ಬೀಳಲ್ಪಟ್ಟೆ'! ಮಳೆ ಬಂತು, ನಾನು ಸಿಕ್ಕಿಹಾಕಿಕೊಂಡೆ, ತೊಪ್ಪೆಯಾದೆ, ಇಷ್ಟೇ ಅದರ ಅರ್ಥ. ಬೀಳು ಅಕರ್ಮಕ. ಕರ್ಮವೇ ಇಲ್ಲದ ಕಡೆ ಕರ್ಮಣಿ ಎಲ್ಲಿಂದ ಬಂತು ಸಾರ್ ಅಂತ ಒಬ್ಬ ಹುಡುಗ ಕೇಳಿದ. ಸರಿಯಾಗೇ ಕೇಳಿದ.

ಸಂಸ್ಕೃತ ಬಲ್ಲವರು 'ಭಾವೇ ಪ್ರಯೋಗ' ಇದೆಯಲ್ಲ ಅನ್ನಬಹುದು. ಅದೂ ಕೂರಲ್ಲ. ಭಾವೇಯಲ್ಲಿ ಕ್ರಿಯೆಯಷ್ಟೇ ಮುಖ್ಯ, ವಾಕ್ಯದ ನಡುಮಧ್ಯೆ ಕೂರುವ ಆಸಾಮಿ ಯಾರೂ ಇರಲ್ಲ. ಇಲ್ಲಿ ಒಬ್ಬ ಇದ್ದಾನೆ, ಬಾಯಿಬಿಟ್ಟು ಹೇಳದಿದ್ದರೂ ಇದ್ದಾನೆ: ನೆನೆದವನು. 'ಕೊದೊಮೊ ನಿ ನಕರೆತ' ಅಂದರೆ ಮಗು ಅತ್ತಿತು, ನನಗೆ ಕಷ್ಟವಾಯಿತು. 'ಚಿಚಿ ನಿ ಶಿನರೆತ' ಅಂದರೆ ಅಪ್ಪ ಸತ್ತರು, ಪೆಟ್ಟು ನನಗೆ ಬಿತ್ತು. ನಾವು 'ಅಪ್ಪನನ್ನು ಕಳೆದುಕೊಂಡೆ' ಅನ್ನುತ್ತೇವಲ್ಲ, ಆ ದಾಟಿ. ಜಪಾನಿ ವ್ಯಾಕರಣದವರು ಈ ಬಗೆಗೆ 'ಮೆಇವಾಕು ನೊ ಉಕೆಮಿ' ಅಂತಾರೆ. ಮೆಇವಾಕು ಅಂದರೆ ತೊಂದರೆ, ಕಿರಿಕಿರಿ.

ಪಾಠ ತಯಾರಿ ಮಾಡುವಾಗ ಹೊಳೆದ ಒಂದು ವಿಷಯ ಇಲ್ಲಿ ಹೇಳಲೇಬೇಕು. 'ಅಲ್ಪಡು' ಸೇರಿಸಿದ ಕರ್ಮಣಿಯನ್ನು ನಾವು ಮಾತಲ್ಲಿ ಬಳಸೋದೇ ಇಲ್ಲ ಅಲ್ವಾ? ಆದರೆ 'ಅಪ್ಪನ ಕೈಲಿ ಬೈಸಿಕೊಂಡೆ', 'ನಾಯಿ ಕೈಲಿ ಕಚ್ಚಿಸಿಕೊಂಡೆ' ಅಂತ ದಿನಾ ಅನ್ನುತ್ತೇವೆ. ಕಚ್ಚು ಅಂತ ನಾಯಿಗೆ ಯಾರೂ ಹೇಳಿರಲ್ಲ. ಆದರೂ 'ಇಸು' ಬಂತು, 'ಕೊಳ್ಳು' ಬಂತು, ಪೆಟ್ಟು ತಿಂದವನೇ ಕರ್ತೃವಾದ. 'ಚಿಚಿ ನಿ ಶಿಕರರೆತ', 'ಇನು ನಿ ಕಮರೆತ' ಎರಡಕ್ಕೂ ಇದಕ್ಕಿಂತ ಒಳ್ಳೇ ಕನ್ನಡ ನನಗೆ ಸಿಕ್ಕಿಲ್ಲ. ಬೈಯಲ್ಪಟ್ಟೆ, ಕಚ್ಚಲ್ಪಟ್ಟೆ ಅಂತ ಬರೆಸುತ್ತಿದ್ದ ನನಗೆ ನಾಚಿಕೆಯಾಯಿತು.

ಹಾಗಾದರೆ 'ಇಸಿಕೊಳ್ಳು ರೂಪ' ಅಂದುಬಿಡೋಣ ಅಂದರೆ ಎರಡು ತೊಡಕು. ಮೊದಲನೆಯದು, ಅಕರ್ಮಕಕ್ಕೆ ಅದು ಹತ್ತಲ್ಲ. 'ಮಳೆ ಬರಿಸಿಕೊಂಡೆ' ಅಂದರೆ ನಾನೇನೋ ಋಷ್ಯಶೃಂಗ ಅನ್ನಿಸುತ್ತೆ, 'ಮಗು ಕೈಲಿ ಅಳಿಸಿಕೊಂಡೆ' ಅಂದರೆ ಸ್ಲೇಟು ಒರೆಸಿದ ಹಾಗೆ. ಎರಡನೆಯದು ಇನ್ನೂ ತಾಪತ್ರಯ. ನಮ್ಮ ಇಸಿಕೊಳ್ಳುಗೆ ಒಳಿತು ಕೆಡುಕಿನ ಭೇದ ಇಲ್ಲ. ಬೈಸಿಕೊಳ್ಳೋದೂ ಅದೇ, ಮೇಷ್ಟ್ರ ಹತ್ರ ತಪ್ಪು ತಿದ್ದಿಸಿಕೊಳ್ಳೋದೂ ಅದೇ. ಜಪಾನಿಯಲ್ಲಿ ಉಪಕಾರಕ್ಕೆ 'ತೆ ಮೊರಾವು' ಅಂತ ಬೇರೆ ರೂಪವೇ ಇದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಆಫೀಸಿನ ಈಮೇಲಲ್ಲಿ, ಸೀನಿಯರ್ ಸಹಾಯ ಮಾಡಿದರು ಅಂತ ಖುಷಿಯಿಂದ ತಿಳಿಸಲು 'ಸೆಂಪಾಯ್ ನಿ ತೆತ್ಸುದವರೆಮಶಿತ' ಅಂತ ಬರೆದಿದ್ದಳು. ಓದಿದವರಿಗೆ 'ಬೇಡ ಅಂದರೂ ಬಂದು ಕೈ ಹಾಕಿದರು' ಅಂತ ಕೇಳಿಸಿತು. 'ತೆತ್ಸುದತ್ತೆ ಮೊರಾಯ್ಮಶಿತ' ಅಂದಿದ್ದರೆ ಮುಗಿದಿತ್ತು. ಪಾಪ, ಅವಳದು ಅಚ್ಚ ಕನ್ನಡದ ತಪ್ಪು!

ಇನ್ನು ಪದದ ವಿಷಯ. ಉಕೆಮಿ ಅನ್ನೋದರಲ್ಲಿ 'ಉಕೆ' ಅಂದರೆ ಪಡೆಯುವುದು, ತಡೆದುಕೊಳ್ಳುವುದು. 'ಮಿ' ಅಂದರೆ ಮೈ. ಜೂಡೋದಲ್ಲಿ ಎದುರಾಳಿ ಎತ್ತಿ ಒಗೆದಾಗ ಪೆಟ್ಟಾಗದ ಹಾಗೆ ಬೀಳುವ ವರಸೆಗೂ ಉಕೆಮಿ ಅಂತಲೇ ಹೆಸರು. ಹಾಗಾಗಿ ಮೊದಲು 'ಮೈಯೊಡ್ಡು' ಹೊಳೆಯಿತು. ಆದರೆ ಮೈಯೊಡ್ಡುವವನು ಬೇಕಂತಲೇ ಒಡ್ಡುತ್ತಾನೆ, ಇಲ್ಲಿ ಹಾಗಲ್ಲ. ಗೆಳೆಯರೊಬ್ಬರು 'ಬಾಧಾಕರ್ಮಣಿ' ಅಂದರು. ಕ್ಲಾಸಲ್ಲಿ ಹೇಳಿದೆ, ಯಾರೂ ಬರೆದುಕೊಳ್ಳಲಿಲ್ಲ.

ಈಗ ಮನಸ್ಸು ನಿಂತಿರೋದು 'ಪಾಡು' ಮೇಲೆ. ಕರ್ಮಣಿಯ 'ಅಲ್ಪಡು'ವಿನಲ್ಲಿರುವ 'ಪಡು'ವಿನಿಂದಲೇ ಬಂದ ಪದ. ಕಷ್ಟಪಡು, ಸಂಕಟಪಡು ಅನ್ನುವಾಗಿನ ಅನುಭವವೂ ಅದರಲ್ಲಿದೆ. ಉಕೆಮಿಗೆ ಒಟ್ಟಾರೆ 'ಪಡುರೂಪ', ತೊಂದರೆಯದಕ್ಕೆ 'ಪಾಡುರೂಪ' ಅಂದರೆ ಹೇಗೆ? ಕ್ಯೋಟೋದ ಕಿಂಕಾಕುಜಿ ದೇಗುಲಕ್ಕೆ 1950ರಲ್ಲಿ ಬೆಂಕಿ ಹಚ್ಚಲಾಯಿತು ಅನ್ನೋ ಸುದ್ದಿವಾಕ್ಯ ಪಡುರೂಪ. 'ಸಾಯ್ಫು ಒ ನುಸುಮರೆತ', ಅಂದರೆ ಯಾರೋ ನನ್ನ ಪರ್ಸ್ ಹೊಡೆದರು, ನಾನು ಕೆಟ್ಟೆ ಅನ್ನೋದು ಪಾಡುರೂಪ. ಇಲ್ಲಿ ಕರ್ತೃ ಪರ್ಸ್ ಅಲ್ಲ, ಕಳೆದುಕೊಂಡ ನಾನು. ಪರ್ಸ್ ಕರ್ಮವಾಗಿಯೇ ಉಳಿಯುತ್ತೆ.

ಅಳುಕು ಏನಂದರೆ, ಪಾಡು ಅಂದ ಕೂಡಲೇ 'ನಾಯಿಪಾಡು' ನೆನಪಾಗಿ ಜಾಸ್ತಿ ಗೋಳಿನ ಪದ ಆಗಿಬಿಡುತ್ತಾ? 'ತನ್ನ ಪಾಡಿಗೆ ತಾನಿದ್ದಾನೆ' ಅನ್ನುವಾಗ ಗೋಳಿಲ್ಲ ನಿಜ. ಕಿವಿಗೆ ಎರಡೂ ಹೆಸರು ಒಂದೇ ಥರ ಕೇಳಿ ಮಕ್ಕಳು ಗೊಂದಲ ಮಾಡಿಕೊಳ್ಳೋದೂ ಉಂಟು.

ಇನ್ನೊಂದು ಪ್ರಶ್ನೆ, ಬಹುಶಃ ಇದೇ ಮುಖ್ಯ. ನಿಮ್ಮ ಕಡೆ, ಧಾರವಾಡ, ಕಲಬುರಗಿ, ಕುಂದಾಪುರ ಎಲ್ಲೇ ಆಗಲಿ, ಅಕರ್ಮಕಕ್ಕೂ 'ಇಸಿಕೊಳ್ಳು' ಹಚ್ಚಿ ಮಾತಾಡೋದು ಕೇಳಿದ್ದೀರಾ? ಮಳೆ, ಅಳು, ಸಾವು, ಯಾವುದಕ್ಕಾದರೂ ಸರಿ. ಒಂದೇ ಒಂದು ವಾಕ್ಯ ಸಿಕ್ಕರೂ ಬೋರ್ಡಿನ ಮೇಲೆ ಅದನ್ನೇ ಮೊದಲು ಬರೆಯುತ್ತೇನೆ. ಡಿಸೆಂಬರ್ ಪರೀಕ್ಷೆಗೆ ಮುಂಚೆ ಈ ಪಾಠ ಮತ್ತೆ ಮಾಡಬೇಕಿದೆ.