ಆರ್ಟಿಚೋಕ್ ಕೊಳ್ಳುವುದು, ಬೇಯಿಸುವುದು, ತಿನ್ನುವುದು: ಕೇಳಿ, ಹೇಳುತ್ತೇನೆ

ಎಲ್ಲರಿಗೂ ನಮಸ್ಕಾರ. ನಾನು ಕ್ಯಾಲಿಫೋರ್ನಿಯಾದ ಮಾಂಟೆರೆ ಕೌಂಟಿಯಲ್ಲಿ ಒಂದು ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಆರ್ಟಿಚೋಕ್ ಅಂದರೆ ತರಕಾರಿಯಂತೆ ಬೇಯಿಸಿ ತಿನ್ನುವ, ಒಂದು ಗಿಡದ ಅರಳದ ಹೂಮೊಗ್ಗು. ಅಮೆರಿಕದಲ್ಲಿ ಮಾರಾಟಕ್ಕೆ ಬೆಳೆಯುವ ಆರ್ಟಿಚೋಕ್ ಹೆಚ್ಚುಕಮ್ಮಿ ಎಲ್ಲವೂ ಈ ರಾಜ್ಯದ್ದೇ. ಅದರಲ್ಲೂ ದೊಡ್ಡ ಪಾಲು ನಮ್ಮ ಪಕ್ಕದ ಕ್ಯಾಸ್ಟ್ರೋವಿಲ್ ಸುತ್ತಮುತ್ತಲಿನದು. ಗುಂಪಿನಲ್ಲಿ ತುಂಬಾ ಜನ ಇದರ ಬಗ್ಗೆ ಕೇಳಿದ್ದೀರಿ. ಏನಿದ್ದರೂ ಇಲ್ಲೇ ಕೇಳಿ.

ಪ್ರಶ್ನೆ (ಸ್ಯಾನ್ ಹೋಸೆಯಿಂದ): ಅಕ್ಕ, ಅಂಗಡಿಯಲ್ಲಿ ರಾಶಿ ಹಾಕಿರುತ್ತಾರೆ. ನನಗೆ ಎಲ್ಲಾ ಒಂದೇ ಥರ ಕಾಣುತ್ತವೆ. ಒಳ್ಳೆಯದನ್ನು ಆರಿಸುವುದು ಹೇಗೆ?

ಉತ್ತರ: ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಹಳೆಯ ಆರ್ಟಿಚೋಕ್ ತಂದರೆ ಎಷ್ಟು ಬೇಯಿಸಿದರೂ ಅದು ನಾರು ನಾರೇ.

ಮೊದಲು ಕೈಗೆ ಎತ್ತಿಕೊಳ್ಳಿ. ಒಂದೇ ಗಾತ್ರದ ಎರಡನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿ, ಭಾರ ಇರುವುದನ್ನು ಇಟ್ಟುಕೊಳ್ಳಿ. ಕೊಯ್ದು ದಿನ ಕಳೆದಂತೆ ನೀರಿನಂಶ ಆರಿ ಹಗುರವಾಗುತ್ತದೆ. ಆಮೇಲೆ ಕಿವಿ ಹತ್ತಿರ ಹಿಡಿದು ಸ್ವಲ್ಪ ಅದುಮಿ. ತಾಜಾ ಇದ್ದರೆ ಎಸಳುಗಳು ಒಂದಕ್ಕೊಂದು ಉಜ್ಜಿ ಕಿರ್ ಅನ್ನುತ್ತವೆ. ಬಾಡಿದ್ದಾದರೆ ಮೆತ್ತಗೆ ಬಗ್ಗುತ್ತದೆ, ಸದ್ದೇ ಬರುವುದಿಲ್ಲ.

ನಾವು ತಿನ್ನುವುದು ಅರಳದ ಮೊಗ್ಗನ್ನು. ಹಾಗಾಗಿ ಎಸಳು ಬಿಗಿಯಾಗಿ ಮುಚ್ಚಿರಬೇಕು. ಬಿಚ್ಚಿಕೊಂಡಿದ್ದರೆ ಹೂವಾಗಲು ಹೊರಟಿದೆ ಎಂದರ್ಥ, ಒಳಗೆ ತುಪ್ಪಳ (ತಿನ್ನಲಾಗದ, ಕೂದಲಿನಂಥ ಭಾಗ) ಜಾಸ್ತಿ ಇರುತ್ತದೆ. ದಂಟಿನ ತುದಿಯನ್ನೂ ನೋಡಿ. ಒಣಗಿ ಕರ್ರಗಾಗಿದ್ದರೆ ಬಿಟ್ಟುಬಿಡಿ.

ಅವರದೇ ಇನ್ನೊಂದು ಪ್ರಶ್ನೆ: ಎಸಳಿನ ಮೇಲೆ ಕಂದು ಕಲೆ ಇರುತ್ತಲ್ಲ, ಅದು ಕೊಳೆತಿದ್ದಾ?

ಉತ್ತರ: ಚಳಿಗಾಲದಲ್ಲಿ ಹಾಗೆ ಕಂಡರೆ ಹೆದರಬೇಡಿ. ಹೊಲದಲ್ಲಿ ಹಿಮ ಬಿದ್ದಾಗ ಹೊರ ಎಸಳಿನ ಸಿಪ್ಪೆ ಸುಟ್ಟ ಹಾಗಾಗಿ ಏಳುತ್ತದೆ. ಉಗುರಲ್ಲಿ ಕೆರೆದರೆ ಕೆಳಗೆ ಹಸಿರೇ ಇರುತ್ತದೆ. ನೋಡಲು ಚೆನ್ನಾಗಿಲ್ಲ ಅಂತ ಜನ ಮುಟ್ಟುವುದಿಲ್ಲ, ನಾನು ಮಾತ್ರ ಅದನ್ನೇ ಹುಡುಕಿ ತೆಗೆದುಕೊಳ್ಳುತ್ತೇನೆ. ಅದರ ರುಚಿ ಗಾಢ. ಮೆತ್ತಗಾಗಿ, ಒಳ ಎಸಳಿನ ಬುಡದವರೆಗೂ ಕಪ್ಪಾಗಿದ್ದರೆ ಅದು ಬೇರೆ, ಅದು ಹಳೆಯದು.

ಸೀಸನ್ ಮಾರ್ಚ್‌ನಿಂದ ಮೇವರೆಗೆ. ಚಳಿ ಶುರುವಾಗುವ ಮುಂಚೆ ಇನ್ನೊಮ್ಮೆ ಸ್ವಲ್ಪ ಬರುತ್ತದೆ. ಮನೆಗೆ ತಂದ ಮೇಲೆ ತೊಳೆಯಬೇಡಿ. ದಂಟಿನ ತುದಿಯನ್ನು ತೆಳ್ಳಗೆ ಕತ್ತರಿಸಿ, ಅಲ್ಲಿಗೆ ಸ್ವಲ್ಪ ನೀರು ಚಿಮುಕಿಸಿ, ಕವರಿನಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಒಂದು ವಾರದೊಳಗೆ ಮುಗಿಸಿ.

ಪ್ರಶ್ನೆ: ಒಂದಕ್ಕೆ ಅಷ್ಟು ಬೆಲೆ ಯಾಕೆ ಮೇಡಂ? ಚಿಕ್ಕ ಚಿಕ್ಕದು ಸಿಗುತ್ತಲ್ಲ, ಅದು ಎಳೆಯದಾ?

ಉತ್ತರ: ಒಂದೇ ಗಿಡದ ಮೊಗ್ಗುಗಳು ಒಟ್ಟಿಗೆ ಬಲಿಯುವುದಿಲ್ಲ. ಹೊಲದವರು ಅದೇ ಸಾಲಿಗೆ ಮತ್ತೆ ಮತ್ತೆ ಹೋಗಿ, ಒಂದೊಂದನ್ನೇ ನೋಡಿ ಚಾಕುವಿನಲ್ಲಿ ಕೊಯ್ಯಬೇಕು. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು, ಮುಳ್ಳಿನ ಮಧ್ಯೆ ಮಾಡುವ ಕೆಲಸ ಅದು. ಆ ಕೂಲಿಗೆ ತಕ್ಕ ಬೆಲೆ ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಚಿಕ್ಕದು ಎಳೆಯದಲ್ಲ. ಗಿಡದ ತುದಿಯಲ್ಲಿ ಬರುವ ಮೊಗ್ಗು ದೊಡ್ಡದು, ಪಕ್ಕದ ಕವಲುಗಳಲ್ಲಿ ಬರುವುದು ಸಣ್ಣದು, ತೀರಾ ಕೆಳಗೆ ಎಲೆಯ ಮರೆಯಲ್ಲಿರುವುದು ಪುಟ್ಟದು. ಅದು ಪೂರ್ತಿ ಬಲಿತರೂ ಅಷ್ಟೇ ಇರುತ್ತದೆ. ಅದರಲ್ಲಿ ತುಪ್ಪಳ ಇರುವುದಿಲ್ಲ. ಹೊರಗಿನ ಗಟ್ಟಿ ಎಸಳು ಕಿತ್ತು, ತುದಿ ಕತ್ತರಿಸಿ, ಸೀಳಿ ಎಣ್ಣೆಯಲ್ಲಿ ಹುರಿದರೆ ಪೂರ್ತಿ ತಿನ್ನಬಹುದು. ಮೊದಲ ಸಲ ಮಾಡುವವರು ಇದರಿಂದಲೇ ಶುರು ಮಾಡಿ.

ಪ್ರಶ್ನೆ (ಡಲ್ಲಾಸ್‌ನಿಂದ): ಹೆಚ್ಚಿದ ಕೂಡಲೇ ಕಪ್ಪಾಗಿಬಿಡುತ್ತದೆ. ಕುಕ್ಕರ್‌ನಲ್ಲಿ ಇಟ್ಟರೆ ಆಗುತ್ತಾ? ಎಷ್ಟು ಹೊತ್ತು?

ಉತ್ತರ: ಬಾಳೆ ಹೂವನ್ನು ಹೆಚ್ಚುವಾಗ ಮಜ್ಜಿಗೆ ನೀರಿಗೆ ಹಾಕುತ್ತೀರಲ್ಲ, ಇದೂ ಹಾಗೇ. ಒಂದು ಪಾತ್ರೆಯಲ್ಲಿ ನೀರಿಟ್ಟು ನಿಂಬೆಹಣ್ಣು ಹಿಂಡಿ, ಕತ್ತರಿಸಿದ್ದನ್ನು ತಕ್ಷಣ ಅದರಲ್ಲಿ ಮುಳುಗಿಸಿ. ಕತ್ತರಿಸಿದ ಜಾಗಕ್ಕೆ ನಿಂಬೆ ಹೋಳಿನಿಂದ ಉಜ್ಜಿದರೆ ಇನ್ನೂ ಒಳ್ಳೆಯದು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಪಾತ್ರೆ ಬೇಡ, ಬಣ್ಣ ಕೆಡುತ್ತದೆ. ಸ್ಟೀಲ್ ಸರಿ.

ಇಡಿಯಾಗಿ ಬೇಯಿಸುವುದಾದರೆ ಮೇಲಿನಿಂದ ಒಂದು ಇಂಚು ಕತ್ತರಿಸಿ ತೆಗೆಯಿರಿ. ಉಳಿದ ಎಸಳುಗಳ ಮುಳ್ಳನ್ನು ಕತ್ತರಿಯಲ್ಲಿ ಕತ್ತರಿಸಿ. ಎಸಳು ಬಿಡಿಸಿ ನಲ್ಲಿಯ ಕೆಳಗೆ ಹಿಡಿಯಿರಿ, ಸಂದಿಯಲ್ಲಿ ಮಣ್ಣು, ಹುಳ ಕೂತಿರುತ್ತವೆ. ದಂಟು ಬಿಸಾಡಬೇಡಿ! ಮೇಲಿನ ನಾರು ಹೆರೆದರೆ ಒಳಗಿನ ತಿರುಳಿಗೂ ಮೊಗ್ಗಿನ ಬುಡದ್ದೇ ರುಚಿ, ಆ ಬುಡವೇ ಇದರಲ್ಲಿ ಎಲ್ಲಕ್ಕಿಂತ ರುಚಿಯ ಭಾಗ.

ಬೇಯಿಸುವುದಕ್ಕಿಂತ ಹಬೆಯಲ್ಲಿಡುವುದು ವಾಸಿ. ನೀರಿನಲ್ಲಿ ಮುಳುಗಿಸಿದರೆ ಎಸಳಿನ ತುಂಬಾ ನೀರು ನಿಂತು ಸಪ್ಪೆಯಾಗುತ್ತದೆ. ಇಡ್ಲಿ ಪಾತ್ರೆಯಲ್ಲಿ, ತಲೆ ಕೆಳಗೆ ಮಾಡಿ, ಮಧ್ಯಮ ಗಾತ್ರದ್ದಕ್ಕೆ 30ರಿಂದ 40 ನಿಮಿಷ. ಇನ್‌ಸ್ಟಂಟ್ ಪಾಟ್ (ಕರೆಂಟಿನ ಪ್ರೆಶರ್ ಕುಕ್ಕರ್) ಇದ್ದರೆ ಸ್ಟ್ಯಾಂಡ್ ಮೇಲಿಟ್ಟು ಹೈ ಪ್ರೆಶರ್‌ನಲ್ಲಿ 12ರಿಂದ 15 ನಿಮಿಷ. ಗಡಿಯಾರಕ್ಕಿಂತ ಎಸಳನ್ನು ನಂಬಿ. ಮಧ್ಯದ ಒಂದು ಎಸಳು ಎಳೆದರೆ ಸಲೀಸಾಗಿ ಬರಬೇಕು, ಬುಡಕ್ಕೆ ಚಾಕು ಚುಚ್ಚಿದರೆ ತಡೆಯಿಲ್ಲದೆ ಹೋಗಬೇಕು.

ಪ್ರಶ್ನೆ: ಸ್ನೇಹಿತರ ಮನೆಯಲ್ಲಿ ಇಡೀ ಆರ್ಟಿಚೋಕ್ ತಟ್ಟೆಗೆ ಇಟ್ಟರು. ಎಲ್ಲಿಂದ ಶುರು ಮಾಡೋದು ಅಂತಲೇ ತಿಳಿಯಲಿಲ್ಲ ಅಕ್ಕ. ತಿನ್ನೋದು ಹೇಗೆ?

ಉತ್ತರ: ಕೈಯಲ್ಲೇ. ಹೊರಗಿನಿಂದ ಒಂದೊಂದೇ ಎಸಳು ಕೀಳಿ. ಎಸಳಿನ ಬುಡದಲ್ಲಿ, ಒಳಮೈಯಲ್ಲಿ, ತೆಳ್ಳಗೆ ತಿರುಳು ಅಂಟಿರುತ್ತದೆ. ಅದನ್ನು ಅದ್ದಿಕೊಂಡು, ಹಲ್ಲಿನ ನಡುವೆ ಇಟ್ಟು ಎಳೆದರೆ ತಿರುಳು ಬಾಯಿಗೆ ಬರುತ್ತದೆ. ಉಳಿದ ಎಸಳನ್ನು ಪಕ್ಕಕ್ಕಿಡಿ, ಅಗಿದರೂ ನುಂಗಲು ಆಗುವುದಿಲ್ಲ. ಒಳಕ್ಕೆ ಹೋದಂತೆ ಎಸಳು ತೆಳ್ಳಗೆ, ಬೆಳ್ಳಗೆ ಆಗುತ್ತದೆ, ತಿರುಳು ಜಾಸ್ತಿಯಾಗುತ್ತದೆ. ಕೊನೆಯಲ್ಲಿ ನೇರಳೆ ತುದಿಯ ಎಳೆ ಎಸಳು. ಅದರ ಕೆಳಗೆ ಕೂದಲಿನಂಥ ತುಪ್ಪಳ. ಇದನ್ನು ಮಾತ್ರ ತಿನ್ನಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಚಮಚದ ಅಂಚಿನಿಂದ ಸುತ್ತಲೂ ಕೆರೆದರೆ ಒಂದೇ ಸಲಕ್ಕೆ ಎದ್ದು ಬರುತ್ತದೆ. ಆಗ ಕೆಳಗೆ ಉಳಿಯುವ ಬಟ್ಟಲಿನಾಕಾರದ ಬುಡ ಇದೆಯಲ್ಲ, ಇಷ್ಟೆಲ್ಲಾ ಮಾಡುವುದು ಅದಕ್ಕೋಸ್ಕರ. ಅದನ್ನು ಪೂರ್ತಿ ತಿನ್ನಿ.

ಅದ್ದಿಕೊಳ್ಳಲು ಇಲ್ಲಿಯವರು ಮೇಯೊನೀಸ್ ಅಥವಾ ಕರಗಿಸಿದ ಬೆಣ್ಣೆ ಕೊಡುತ್ತಾರೆ. ಮನೆಯಲ್ಲಿ ನಾನು ತುಪ್ಪಕ್ಕೆ ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಬಿಸಿ ಮಾಡಿ, ಕೆಳಗಿಳಿಸಿ ನಿಂಬೆ ಹಿಂಡುತ್ತೇನೆ. ಬುಡವನ್ನು ಹೆಚ್ಚಿ ಸಾಸಿವೆ, ಕರಿಬೇವಿನ ಒಗ್ಗರಣೆಗೆ ಹಾಕಿ, ಕಾಯಿತುರಿ ಉದುರಿಸಿ ಪಲ್ಯ ಮಾಡಿದರೂ ಸೊಗಸು. ಹುಳಿಪುಡಿ, ಗರಂ ಮಸಾಲೆ ಬೇಡ. ಇದರದ್ದು ಮೆಲ್ಲನೆಯ ರುಚಿ, ಮುಚ್ಚಿಹೋಗುತ್ತದೆ.

ಪ್ರಶ್ನೆ: ತಿಂದ ಮೇಲೆ ನೀರು ಕುಡಿದರೆ ಸಿಹಿ ಸಿಹಿ! ನನಗೊಬ್ಬಳಿಗೇನಾ? ಹೊಟ್ಟೆಯೂ ಉಬ್ಬರಿಸಿತು.

ಉತ್ತರ: ನಿಮಗೊಬ್ಬರಿಗಲ್ಲ, ತುಂಬಾ ಜನರಿಗೆ ಹೀಗಾಗುತ್ತದೆ. ಎಲ್ಲರಿಗೂ ಆಗುವುದಿಲ್ಲ. ಇದರಲ್ಲಿರುವ ಸೈನಾರಿನ್ ಮತ್ತು ಕ್ಲೋರೋಜೆನಿಕ್ ಆಮ್ಲ ಸ್ವಲ್ಪ ಹೊತ್ತು ನಾಲಿಗೆಯ ರುಚಿಯನ್ನು ಬದಲಿಸುತ್ತವೆ, ಏನೂ ತೊಂದರೆಯಿಲ್ಲ.

ಉಬ್ಬರಕ್ಕೆ ಕಾರಣ ಇನುಲಿನ್ ಎಂಬ ನಾರಿನಂಶ. ಅದು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದಕ್ಕೆ ಹೋಗಿ ಹುದುಗುತ್ತದೆ, ಗ್ಯಾಸ್ ಆಗುತ್ತದೆ. ಮೊದಲ ಸಲ ಅರ್ಧ ತಿನ್ನಿ ಸಾಕು. ಪಿತ್ತಕೋಶದ ಕಲ್ಲು ಇರುವವರು ಡಾಕ್ಟರನ್ನು ಕೇಳಿಯೇ ತಿನ್ನಿ. ಸೇವಂತಿಗೆ ಜಾತಿಯ ಹೂವು ಅಲರ್ಜಿ ಇರುವವರೂ ಜೋಪಾನ, ಇದು ಅದೇ ಕುಟುಂಬದ ಗಿಡ.

ಪ್ರಶ್ನೆ (ಬೆಂಗಳೂರಿನಿಂದ): ಬೀಜ ತರಿಸಿ ಟೆರೇಸ್ ಮೇಲೆ ಹಾಕಿದ್ದೇನೆ. ಎಲೆ ಸೊಂಪಾಗಿದೆ, ಮೊಗ್ಗೇ ಇಲ್ಲ. ಗೊಬ್ಬರ ಕಮ್ಮಿಯಾಯಿತಾ?

ಉತ್ತರ: ಗೊಬ್ಬರದ್ದಲ್ಲ ಸರ್, ಚಳಿಯದ್ದು. ಮೊಗ್ಗು ಬಿಡಲು ಈ ಗಿಡಕ್ಕೆ 10 ಡಿಗ್ರಿಗಿಂತ ತಣ್ಣಗಿನ ಹವೆ ನೂರಾರು ಗಂಟೆ ಬೇಕು. ಬೆಂಗಳೂರಿನಲ್ಲಿ ಅಷ್ಟು ಚಳಿ ಎಲ್ಲಿದೆ? ಇಂಪೀರಿಯಲ್ ಸ್ಟಾರ್ ಅನ್ನುವ ತಳಿಗೆ ಕಮ್ಮಿ ಚಳಿ ಸಾಕು, ಮುಂದಿನ ಸಲ ಅದನ್ನು ಹಾಕಿ ನೋಡಿ. ಸದ್ಯಕ್ಕೆ ಡಬ್ಬಿಯದೋ ಬಾಟಲಿಯದೋ ತನ್ನಿ. ಎಣ್ಣೆಯಲ್ಲಿಟ್ಟದ್ದು ಬೇಡ, ಉಪ್ಪುನೀರಿನಲ್ಲಿಟ್ಟದ್ದು ಸಿಕ್ಕರೆ ಚೆನ್ನಾಗಿ ತೊಳೆದು ಪಲ್ಯಕ್ಕೆ ಬಳಸಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ರೋಮ್‌ಗೆ ಹೋಗುತ್ತಿದ್ದೇವೆ. ನಾವು ಸಸ್ಯಾಹಾರಿಗಳು. ಏನು ಕೇಳಬೇಕು?

ಉತ್ತರ: ಸರಿಯಾದ ಸಮಯಕ್ಕೆ ಹೋಗುತ್ತಿದ್ದೀರಿ! ಅಲ್ಲಿಯ ರೊಮಾನೆಸ್ಕೊ ತಳಿ ಗುಂಡಗೆ, ಮುಳ್ಳಿಲ್ಲದ್ದು. 'ಅಲ್ಲಾ ರೊಮಾನಾ' ಅಂದರೆ ಬೆಳ್ಳುಳ್ಳಿ ಮತ್ತು ಪುದೀನ ಜಾತಿಯ ಸೊಪ್ಪು ತುಂಬಿ, ಆಲಿವ್ ಎಣ್ಣೆಯಲ್ಲಿ ಮೆಲ್ಲಗೆ ಬೇಯಿಸಿದ್ದು. ಕೆಲವರು ವೈನ್ ಹಾಕುತ್ತಾರೆ, ಬೇಡವಾದರೆ ಕೇಳಿಕೊಳ್ಳಿ. 'ಅಲ್ಲಾ ಜೂದಿಯಾ' ಹಳೆಯ ಯಹೂದಿ ಕೇರಿಯ ಅಡುಗೆ. ಎರಡು ಸಲ ಎಣ್ಣೆಯಲ್ಲಿ ಕರಿದು, ಎಸಳು ಹೂವಿನಂತೆ ಬಿಚ್ಚಿ ಗರಿಗರಿಯಾಗಿರುತ್ತದೆ. ಅದನ್ನು ತಪ್ಪಿಸಬೇಡಿ. ವಿನ್ಯಾರೋಲಾ ಅನ್ನುವ ಬಟಾಣಿ, ಆರ್ಟಿಚೋಕ್ ಪಲ್ಯ ಸೊಪ್ಪುತರಕಾರಿಯಂತೆಯೇ ಕಾಣುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ. ಕೇಳದೆ ತಿನ್ನಬೇಡಿ.

ಪ್ರಶ್ನೆ: ಸೀಸನ್‌ನಲ್ಲಿ ಜಾಸ್ತಿ ತಂದು ಉಪ್ಪಿನಕಾಯಿ ಥರ ಎಣ್ಣೆಯಲ್ಲಿ ಹಾಕಿಡಬಹುದಾ ಅಕ್ಕ?

ಉತ್ತರ: ದಯವಿಟ್ಟು ಬೇಡ. ಇದರಲ್ಲಿ ಮಾವಿನಕಾಯಿಯ ಹುಳಿ ಇಲ್ಲ. ಹುಳಿಯಿಲ್ಲದ ತರಕಾರಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟರೆ, ಗಾಳಿಯಿಲ್ಲದ ಕಡೆ ಬೊಟುಲಿಸಂ ವಿಷ ಹುಟ್ಟಬಹುದು. ವಾಸನೆಯಿಂದಲೂ ಬಣ್ಣದಿಂದಲೂ ಗೊತ್ತಾಗುವುದಿಲ್ಲ, ಪ್ರಾಣಕ್ಕೇ ಅಪಾಯ. ಬುಡಗಳನ್ನು ಬಿಡಿಸಿ, ನಿಂಬೆ ಹಿಂಡಿದ ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಬೇಯಿಸಿ, ನೀರು ಆರಿಸಿ ಫ್ರೀಜರ್‌ನಲ್ಲಿಡಿ. ಹಸಿಯಾಗಿಟ್ಟರೆ ಕಪ್ಪಾಗುತ್ತದೆ. ಪೂರ್ತಿ ಬೇಯಿಸಿ ಉಳಿದದ್ದು ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ.