ಸಹಾಯ ಬೇಕು: ಮಗಳಿಗೆ ಹೊಕ್ಕುಳ ಸುತ್ತ ನೋವು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮಗಳಿಗೆ 7 ವರ್ಷ. ಮೂರು ವಾರದಿಂದ ಆಗಾಗ ಹೊಟ್ಟೆ ನೋವು ಅಂತಾಳೆ. ಎಲ್ಲಿ ಅಂದ್ರೆ ಬೆರಳು ಸೀದಾ ಹೊಕ್ಕುಳ ಮೇಲೆ ಇಡುತ್ತಾಳೆ. ಅರ್ಧ ಗಂಟೆ ಮುದುಡಿ ಮಲಗಿ, ಆಮೇಲೆ ಎದ್ದು ಆಡುತ್ತಾಳೆ. ಜ್ವರ, ವಾಂತಿ ಇಲ್ಲ. ಜಂತುಹುಳದ ಮಾತ್ರೆ ಶಾಲೆಯಲ್ಲೇ ಕೊಟ್ಟಿದ್ದಾರೆ. ಆದರೆ ಮೂರು ದಿನಕ್ಕೊಮ್ಮೆ ಕಕ್ಕಸಿಗೆ ಹೋಗುತ್ತಾಳೆ, ಅದೂ ತುಂಬಾ ಗಟ್ಟಿ.

ಬಟ್ಟಿ ಬಿದ್ದಿರಬೇಕು (ಹೊಕ್ಕುಳ ಜಾರಿದೆ ಅನ್ನೋ ಹಳಬರ ನಂಬಿಕೆ), ಹೊಟ್ಟೆ ತಿಕ್ಕಿಸೋಣ ಅಂತಾರೆ ನಮ್ಮತ್ತೆ. ನನಗೆ ಭಯ. ಅಪೆಂಡಿಕ್ಸ್ ನೋವೂ ಹೊಕ್ಕುಳ ಹತ್ತಿರವೇ ಶುರುವಾಗಿ ಆಮೇಲೆ ಬಲಗಡೆ ಕೆಳಗೆ ಇಳಿಯುತ್ತೆ ಅಲ್ವಾ? ಸುಮ್ನೆ ತಿಕ್ಕಿಸೋದು ಬೇಡ ಅಂದಿದ್ದೇನೆ.

ನಿಮ್ಮ ಮಕ್ಕಳಿಗೆ ಹೀಗಾಗಿತ್ತಾ? ಮಲಬದ್ಧತೆಯಿಂದಲೇ ಇಷ್ಟು ನೋವು ಬರುತ್ತಾ? ವಿದ್ಯಾನಗರ, ಪಿ.ಜೆ. ಬಡಾವಣೆ ಕಡೆ ಸಮಾಧಾನದಿಂದ ನೋಡುವ ಮಕ್ಕಳ ಡಾಕ್ಟರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಾಳೆಯೇ ತೋರಿಸಬೇಕು.