ಒಬ್ಬಳೇ ವಿಯೆಟ್ನಾಂಗೆ ಹೊರಟಿದ್ದೀನಿ, ಹೋಗಿಬಂದವರು ಹೇಳಿ

ಚಿಂತಾಮಣಿ ಹುಡುಗಿ:
ನನಗೆ 23. ಇದೇ ಮೊದಲ ವಿದೇಶ ಪ್ರಯಾಣ. ಸಂಬಳದಲ್ಲಿ ಉಳಿಸಿದ ದುಡ್ಡಲ್ಲಿ ಹನೋಯ್, ಹ್ಯೂ, ಹೋಯಿ ಆನ್ ನೋಡಬೇಕು. ಹದಿನೈದು ದಿನ, ಬೆನ್ನಿಗೊಂದೇ ಚೀಲ. ಅಮ್ಮ ಹೂಂ ಅಂದಿದ್ದಾರೆ. ಅಪ್ಪ ಮಾತ್ರ ಟೊಮೆಟೊ ಮಂಡಿಯಿಂದ ಬಂದವರು ತಟ್ಟೆ ಮುಂದೆ ಸುಮ್ಮನೆ ಕೂತುಬಿಡ್ತಾರೆ. ಅವರಿಗೆ ಧೈರ್ಯ ಬರುವಷ್ಟು ತಯಾರಿ ಬೇಕು. ಮೀನು, ಮಾಂಸ ತಿನ್ನಲ್ಲ. ಸ್ಕೂಟರ್ ಬಾಡಿಗೆಗೆ ತಗೋಬಹುದಾ?

ತುಮಕೂರಿನ ಅಕ್ಕ:
ಹೋಗಮ್ಮ, ಖಂಡಿತ ಹೋಗು. ಇ-ವೀಸಾ ಸರ್ಕಾರಿ ಜಾಲತಾಣದಲ್ಲೇ ಮಾಡು, ಒಂದು ಪ್ರವೇಶಕ್ಕೆ 25 ಡಾಲರ್. ನಮ್ಮ ಕಡೆ ಇನಿಷಿಯಲ್ ಗೊಂದಲ ಜಾಸ್ತಿ. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೇ ತುಂಬು. ಊಟಕ್ಕೆ ‘ಆನ್ ಚಾಯ್’ ಅಂದರೆ ಸಸ್ಯಾಹಾರ. ಆದರೂ ಮೀನಿನ ಸಾಸ್ ಬೇಡ ಅಂತ ಬೇರೆಯಾಗಿ ಹೇಳು, ಸೊಪ್ಪಿನ ಪಲ್ಯಕ್ಕೂ ಹಾಕ್ತಾರೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಅಲ್ಲಿನ ಬೌದ್ಧರಲ್ಲಿ ಎಷ್ಟೋ ಜನ ಮಾಂಸ ಬಿಡ್ತಾರೆ, ಆಗ ಊಟ ಸಲೀಸು. ಇನ್ನೊಂದು: 20,000 ಡಾಂಗ್, 5,00,000 ಡಾಂಗ್ ನೋಟು ಎರಡೂ ನೀಲಿ. ರಾತ್ರಿ ಟ್ಯಾಕ್ಸಿಯಲ್ಲಿ ನಾನು ದೊಡ್ಡದನ್ನೇ ಕೊಟ್ಟು ಇಳಿದಿದ್ದೆ, ರೂಮಿಗೆ ಹೋಗಿ ಅತ್ತೆ. ಬೇರೆ ಬೇರೆ ಜೇಬಲ್ಲಿಡು.

ಮುಳಬಾಗಿಲಿನಿಂದ:
ಸ್ಕೂಟರ್ ಬೇಡ ತಂಗಿ. ನಮ್ಮ ಆರ್‌ಟಿಒ ಕೊಡೋ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು, ಅಲ್ಲಿ ನಡೆಯೋದು 1968ರದ್ದು. ಬಿದ್ದರೆ ವಿಮೆಯೂ ಕೈಕೊಡಬಹುದು. ಹನೋಯ್‌ಯಿಂದ ಹ್ಯೂಗೆ ರಾತ್ರಿ ರೈಲು ಹತ್ತು. ಹ್ಯೂಯಿಂದ ಹೋಯಿ ಆನ್ ಹತ್ತಿರದ ದಾ ನಾಂಗ್‌ಗೆ ಮಾತ್ರ ಹಗಲು ರೈಲೇ ಆಗಬೇಕು, ಹೈ ವಾನ್ ಘಟ್ಟದಲ್ಲಿ ಕಿಟಕಿ ಕೆಳಗೇ ಸಮುದ್ರ.

ಚಿಂತಾಮಣಿ ಹುಡುಗಿ:
ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ ಅಕ್ಕ. ‘ದೇವನಹಳ್ಳಿಗೆ ನಾನೇ ಬಿಡ್ತೀನಿ’ ಅಂದರು.